ಬೋರ್ಡಿನ ಮೇಲೆ ಬರೆದ ತಾರೀಖು

ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಹೊಸ ಪಂಚಾಯಿತಿಗೆ ವರ್ಗವಾಗಿ ಬಂದ ವಾರವೇ ಅಲ್ಲಿನ 4(1)(ಬಿ) ಫೈಲ್ ತೆಗೆದು ನೋಡಿದೆ. ಕಚೇರಿ ತಾನಾಗಿ ಪ್ರಕಟಿಸಬೇಕು ಅಂತ ಮಾಹಿತಿ ಹಕ್ಕು ಕಾಯ್ದೆಯ ಈ ಸೆಕ್ಷನ್ ಕೇಳುವ 17 ಅಂಶಗಳೂ ಇದ್ದವು. ಸ್ಪೈರಲ್ ಬೈಂಡಿಂಗ್ ಕೂಡ ಚೆನ್ನಾಗಿತ್ತು. ಆದರೆ ಮಾಹಿತಿ ಅಧಿಕಾರಿಯ ಜಾಗದಲ್ಲಿ ನಿವೃತ್ತರಾದವರ ಹೆಸರು! ಒಂದು ಪುಟದಲ್ಲಂತೂ ಬೇರೆ ಪಂಚಾಯಿತಿಯ ಹೆಸರೇ ಉಳಿದಿತ್ತು. ಕಾಪಿ ಹೊಡೆದವರು ಅಲ್ಲೊಂದು ಕಡೆ ತಿದ್ದೋದು ಮರೆತಿದ್ದರು, ಅಷ್ಟೇ.

ಹಿಂದಿನ ಎರಡು ವರ್ಷದ ಆರ್‌ಟಿಐ ಅರ್ಜಿಗಳನ್ನೆಲ್ಲ ಮೇಜಿನ ಮೇಲೆ ಹರಡಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಪಿನ್ ಹೊಡೆದ ಕಾಗದಗಳು. ಬಹುಪಾಲು ಜನ ಕೇಳಿದ್ದು ಮೂರೇ: ಮನೆ ಮಂಜೂರಾದವರ ಪಟ್ಟಿ, ಬೋರ್‌ವೆಲ್ ಮೋಟಾರ್ ರಿಪೇರಿ ಬಿಲ್ಲು, ನರೇಗಾ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ). ಜನ ಅರ್ಜಿ ಹಾಕುವ ಪ್ರಮೇಯವೇ ಕಡಿಮೆಯಾಗುವ ಹಾಗೆ ಕಚೇರಿ ತಾನಾಗಿ ಮಾಹಿತಿ ಹೊರಗಿಡಬೇಕು ಅಂತ ಅದೇ ಕಾಯ್ದೆಯ 4(2) ಹೇಳುತ್ತದೆ. ಹಾಗಾಗಿ ಈ ಮೂರರಿಂದಲೇ ಶುರು ಮಾಡಿದೆವು.

2011ರಲ್ಲಿ ಎಂಟು ದೇಶ ಸೇರಿ ಕಟ್ಟಿದ ಓಪನ್ ಗವರ್ನಮೆಂಟ್ ಪಾರ್ಟ್‌ನರ್‌ಶಿಪ್ ಬಗ್ಗೆ ಓದಿದ್ದೆ. ಭಾರತ ಅದರಲ್ಲಿಲ್ಲ. ಅಲ್ಲಿ ಸರ್ಕಾರಗಳು ಜನರ ಸಂಘಟನೆಗಳ ಜೊತೆ ಕೂತು ಕ್ರಿಯಾ ಯೋಜನೆ ಮಾಡುತ್ತವೆ. ಯಾರು, ಏನು, ಎಷ್ಟರೊಳಗೆ ಅಂತ ಬರೆಯುತ್ತವೆ. ಆಮೇಲೆ ಹೊರಗಿನವರು ಬಂದು ಪರಿಶೀಲಿಸುತ್ತಾರೆ. ನಮಗೆ ಬೇಕಾಗಿದ್ದೂ ಅದೇ ಅಲ್ವಾ?

ನಮ್ಮ ಮೊದಲ ಕರಡಿನಲ್ಲಿ ‘ಪಾರದರ್ಶಕತೆಗೆ ಸೂಕ್ತ ಕ್ರಮ ವಹಿಸಲಾಗುವುದು’ ಅಂತಿತ್ತು. ಇಪ್ಪತ್ತು ವರ್ಷ ಸರ್ವೀಸ್ ಮಾಡಿದ ಕೈ, ತಾನಾಗೇ ಹಾಗೆ ಬರೆಯುತ್ತದೆ. ಹೊಡೆದುಹಾಕಿ ಹೀಗೆ ಬರೆದೆ: ‘ಪ್ರತಿ ತಿಂಗಳು 5ನೇ ತಾರೀಖಿನೊಳಗೆ, ಹಿಂದಿನ ತಿಂಗಳ ಮೋಟಾರ್ ರಿಪೇರಿ ಖರ್ಚು ಕಚೇರಿ ಮುಂದಿನ ಬೋರ್ಡಿನಲ್ಲಿ. ಯಾವ ಬೋರ್‌ವೆಲ್, ಏನು ಕೆಟ್ಟಿತ್ತು, ಎಷ್ಟಾಯಿತು. ಬರೆಯುವವರು: ಬಿಲ್ ಕಲೆಕ್ಟರ್.’

“ಸಾರ್, ನಾನು ರಜೆ ಹಾಕಿದ್ರೆ?” ಅಂದ ಬಿಲ್ ಕಲೆಕ್ಟರ್. ನ್ಯಾಯವಾದ ಪ್ರಶ್ನೆ. ‘ಇಲ್ಲದಿದ್ದರೆ ಪಿಡಿಒ’ ಅಂತ ಸೇರಿಸಿದೆ. ಗ್ರಾಮಸಭೆಯಲ್ಲಿ ಓದಿ ನಡಾವಳಿ ಪುಸ್ತಕದಲ್ಲಿ ದಾಖಲಿಸಿದೆವು. “ಎಲ್ಲಾ ಗೋಡೆ ಮೇಲೆ ಬರೆದ್ರೆ ಮೆಂಬರ್ ಆಗಿ ನಾವ್ಯಾಕಿರಬೇಕು?” ಅಂತ ಒಬ್ಬ ಸದಸ್ಯರು ಗೊಣಗಿದರು.

ತಪ್ಪು ನಮ್ಮಿಂದಲೂ ಆಯಿತು. ಮನೆಗಳ ಪಟ್ಟಿಯನ್ನು ಆಧಾರ್ ನಂಬರಿನ ಕಾಲಂ ಸಮೇತ ಅಂಟಿಸಿಬಿಟ್ಟಿದ್ದೆವು. ಕಾಲೇಜು ಹುಡುಗಿಯೊಬ್ಬಳು ತೋರಿಸಿದಳು. ಅವತ್ತೇ ಕಿತ್ತು, ಆ ಕಾಲಂ ತೆಗೆದು ಹೊಸದು ಹಾಕಿದೆವು.

ಎರಡನೇ ತಿಂಗಳು ಒಬ್ಬರು ಬೋರ್ಡ್ ಓದಿ, “ನಮ್ಮ ಕೇರಿ ಮೋಟಾರ್ ಕೆಟ್ಟೇ ಇರಲಿಲ್ಲವಲ್ಲ?” ಅಂದರು. ವೋಚರ್ ತೆಗೆಸಿದೆ. ಸುಟ್ಟಿದ್ದು ಪಕ್ಕದ ಹಳ್ಳಿಯದು, ನೀರುಗಂಟಿ ಊರಿನ ಹೆಸರು ತಪ್ಪು ಬರೆದಿದ್ದ. ತಿದ್ದಿಸಿದೆ. ಅರ್ಜಿಯಾಗಿ ಬಂದಿದ್ದರೆ ಇಷ್ಟಕ್ಕೇ 30 ದಿನ ಹಿಡಿಯುತ್ತಿತ್ತೇನೋ.

ಮಳೆಗಾಲದಲ್ಲಿ ಒಮ್ಮೆ 5ನೇ ತಾರೀಖು ದಾಟಿತು. ಬಿಲ್ ಕಲೆಕ್ಟರ್ ರಜೆ, ನಾನು ಮರೆತೆ. ಮಾರನೇ ಬೆಳಿಗ್ಗೆ, ಡೇರಿಗೆ ಹಾಲು ಹಾಕಿ ಬರುತ್ತಿದ್ದ ಅಜ್ಜ ಬೋರ್ಡಿನ ಮುಂದೆ ನಿಂತು ಕೂಗಿದರು:

“ಏನ್ ಸ್ವಾಮಿ, ಈ ಸಲ ಒಂದ್ ಮೋಟ್ರೂ ಸುಡಲೇ ಇಲ್ವಾ?”

ಚಾಕ್‌ಪೀಸ್ ಹುಡುಕಲು ಒಳಗೆ ಓಡಿದೆ.