ಮರೆತ ಸಬ್‌ಸ್ಕ್ರಿಪ್ಷನ್‌ಗೆ ಹೋದ ದುಡ್ಡು ವಾಪಸ್ ಪಡೆಯುವುದು ಹೇಗೆ

ದುಡ್ಡು ಕಟ್ ಆದ ಮೆಸೇಜ್ ಬಂದ ಕೂಡಲೇ ಹೆಚ್ಚಿನವರು ಆ ಆ್ಯಪ್ ತೆರೆಯುತ್ತಾರೆ. ವರ್ಷದಿಂದ ಮುಟ್ಟಿರುವುದಿಲ್ಲ, ಹೇಗೂ ದುಡ್ಡು ಹೋಗಿದೆಯಲ್ಲ ಎಂದು ಅರ್ಧ ಸಿನಿಮಾ ನೋಡಿಬಿಡುತ್ತಾರೆ. ಅಲ್ಲಿಗೆ ಕೇಸು ಅರ್ಧ ಸೋತಂತೆ. ರೀಫಂಡ್ ಕೇಳಿದಾಗ ಕಂಪನಿ ಮೊದಲು ನೋಡುವುದು, ರಿನ್ಯೂ ಆದ ಮೇಲೆ ನೀವು ಅದನ್ನು ಬಳಸಿದ್ದೀರಾ ಎಂದು. ಹಾಗಾಗಿ ಆ್ಯಪ್ ಮುಟ್ಟಬೇಡಿ. ಬ್ರೌಸರ್‌ನಲ್ಲಿ ಲಾಗಿನ್ ಆಗಿ, ಅಕೌಂಟ್ ಪುಟಕ್ಕೆ ಮಾತ್ರ ಹೋಗಿ.

ಆ್ಯಪ್ ಡಿಲೀಟ್ ಮಾಡಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಖಾತೆಯಲ್ಲಿ ದುಡ್ಡು ಇಡದೆ ಬಿಟ್ಟರೂ ನಿಲ್ಲುವುದಿಲ್ಲ. ಎನ್‌ಎಸಿಎಚ್ (ಬ್ಯಾಂಕ್ ಖಾತೆಯಿಂದಲೇ ಕಂತು ತಾನಾಗಿ ಕಟ್ ಆಗುವ ವ್ಯವಸ್ಥೆ) ಮೂಲಕ ಹೋಗುವ ಕಂತಾದರೆ ಬೌನ್ಸ್ ದಂಡ ಬೇರೆ ಬೀಳುತ್ತದೆ. ಇನ್ನೊಂದು ಮಾತು: ರದ್ದು ಮಾಡುವುದು ಬೇರೆ, ದುಡ್ಡು ವಾಪಸ್ ಕೇಳುವುದು ಬೇರೆ. ರದ್ದು ಮಾಡಿ ಸುಮ್ಮನೆ ಕುಳಿತರೆ ಹೋದದ್ದು ಹೋಯಿತು, ಮುಂದಿನದು ಮಾತ್ರ ಉಳಿಯಿತು.

ದುಡ್ಡು ಹೋದ ದಾರಿ ಯಾವುದು

ಮೂರು ತಿಂಗಳ ಸ್ಟೇಟ್‌ಮೆಂಟ್ ಸಾಲದು, ವಾರ್ಷಿಕ ಪ್ಲಾನ್‌ಗಳು ಅದರಲ್ಲಿ ಸಿಗುವುದಿಲ್ಲ. ಪ್ರತಿ ಖಾತೆ, ಪ್ರತಿ ಕಾರ್ಡ್‌ನದ್ದು 13 ತಿಂಗಳ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ. ಅಲ್ಲಿ ಸೇವೆಯ ಹೆಸರೇ ಇರಬೇಕೆಂದಿಲ್ಲ. ರೇಜರ್‌ಪೇ, ಬಿಲ್‌ಡೆಸ್ಕ್, ಪೇಯು ಎಂಬ, ಪಾವತಿ ದಾಟಿಸುವ ಗೇಟ್‌ವೇ ಹೆಸರೋ, ಗೂಗಲ್ ಪ್ಲೇ ಎಂದೋ ಇರುತ್ತದೆ. ಪಾಸ್‌ಬುಕ್‌ನಲ್ಲಿ 'ಎಸಿಎಚ್ ಡಿ' ಎಂದು ಶುರುವಾಗುವ ಸಾಲು ಎನ್‌ಎಸಿಎಚ್ ಕಡಿತ. ಇಮೇಲ್‌ನಲ್ಲಿ 'ರಿನ್ಯೂವಲ್', 'ಮ್ಯಾಂಡೇಟ್', 'ಆಟೋಪೇ', 'ಟ್ರಯಲ್' ಎಂಬ ಪದಗಳನ್ನು ಹುಡುಕಿ. 1 ಅಥವಾ 2 ರೂಪಾಯಿ ಕೊಟ್ಟು ಶುರುಮಾಡಿದ 'ಫ್ರೀ ಟ್ರಯಲ್'ಗಳು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತವೆ: ಆ ಒಂದು ರೂಪಾಯಿಯ ಜೊತೆ ನೀವು ಹಾಕಿದ ಪಿನ್, ಮುಂದಿನ ದೊಡ್ಡ ಮೊತ್ತಕ್ಕೂ ಕೊಟ್ಟ ಒಪ್ಪಿಗೆಯಾಗಿರುತ್ತದೆ.

ಮುಂಬೈ, ಪುಣೆ, ವಾಸ್ಕೋ ಕಡೆ ಕೆಲಸಕ್ಕೆ ಬಂದ ನಮ್ಮವರಿಗೆ ಇದರಲ್ಲೊಂದು ಪ್ರತ್ಯೇಕ ತೊಂದರೆ ಇದೆ. ಖಾತೆ ಹುಬ್ಬಳ್ಳಿಯದ್ದೋ ಉಡುಪಿಯದ್ದೋ, ಅದಕ್ಕೆ ಜೋಡಿಸಿದ್ದು ಊರಿನ ಹಳೆಯ ಸಿಮ್. ಇಲ್ಲಿಗೆ ಬಂದ ಮೇಲೆ ಆ ಸಿಮ್ ಡ್ರಾಯರ್‌ನಲ್ಲಿ, ಇಲ್ಲವೇ ಊರಲ್ಲಿರುವ ಅಮ್ಮನ ಫೋನಿನಲ್ಲಿ. ಕಡಿತಕ್ಕೆ ಮುನ್ನ ಬ್ಯಾಂಕ್ ಕಳಿಸುವ ಎಚ್ಚರಿಕೆ ಅಲ್ಲಿಗೇ ಹೋಗುತ್ತದೆ, ಇಂಗ್ಲಿಷ್ ಮೆಸೇಜ್ ಎಂದು ಯಾರೂ ಓದುವುದಿಲ್ಲ. ರೀಫಂಡ್ ಕೆಲಸ ಶುರು ಮಾಡುವ ಮೊದಲೇ ಬ್ಯಾಂಕ್‌ನಲ್ಲಿ ಮೊಬೈಲ್ ನಂಬರ್ ಬದಲಿಸಿ, ಇಲ್ಲದಿದ್ದರೆ ಒಟಿಪಿ ಬರದೆ ಪ್ರತಿ ಹೆಜ್ಜೆಯೂ ನಿಲ್ಲುತ್ತದೆ.

ಕೇಳಬೇಕಾದ್ದು ಯಾರನ್ನು

ಬ್ಯಾಂಕನ್ನಲ್ಲ. ಒಪ್ಪಿಗೆ ಕೊಟ್ಟವರು ನೀವೇ ಆದ್ದರಿಂದ ಬ್ಯಾಂಕ್ ಕೈಚೆಲ್ಲುತ್ತದೆ. ಮೊದಲು ಹೋಗಬೇಕಾದ್ದು ದುಡ್ಡು ತೆಗೆದುಕೊಂಡವರ ಬಳಿಗೆ.

ಗೂಗಲ್ ಪ್ಲೇ ಮೂಲಕ ಹೋಗಿದ್ದರೆ ಗಡಿಯಾರ ನೋಡಿ: 48 ಗಂಟೆಯೊಳಗೆ ಗೂಗಲ್ಲನ್ನೇ ಕೇಳಬಹುದು, ಅದು ದಾಟಿದರೆ ಆ್ಯಪ್ ಮಾಡಿದ ಕಂಪನಿಯ ಬಳಿಗೆ ಹೋಗಿ ಎನ್ನುತ್ತಾರೆ. ಬ್ರೌಸರ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್, ಆಮೇಲೆ ಆರ್ಡರ್ ಹಿಸ್ಟರಿ, ಆ ಸಾಲಿನ ಪಕ್ಕದ 'ರಿಪೋರ್ಟ್ ಎ ಪ್ರಾಬ್ಲಂ' ಒತ್ತಿ. ಆರ್ಡರ್ ಕಾಣುತ್ತಲೇ ಇಲ್ಲ ಎನ್ನುವವರು ಬಹಳ. ಕಾರಣ ಸರಳ, ಫೋನಿನಲ್ಲಿ ಎರಡು ಮೂರು ಜಿಮೇಲ್ ಇರುತ್ತವೆ. 'ಜಿಪಿಎ' ಎಂದು ಶುರುವಾಗುವ ಆರ್ಡರ್ ನಂಬರ್ ಇರುವ ರಸೀದಿ ಯಾವ ಜಿಮೇಲ್‌ಗೆ ಬಂದಿದೆಯೋ ಅದರಲ್ಲೇ ಲಾಗಿನ್ ಆಗಬೇಕು.

ಐಫೋನಿನವರಿಗೆ 'ರಿಪೋರ್ಟ್ ಎ ಪ್ರಾಬ್ಲಂ ಡಾಟ್ ಆಪಲ್ ಡಾಟ್ ಕಾಮ್'. 'ರಿಕ್ವೆಸ್ಟ್ ಎ ರೀಫಂಡ್' ಆರಿಸಿ ಕಾರಣ ಕೊಡಿ. ಪಾವತಿ ಇನ್ನೂ 'ಪೆಂಡಿಂಗ್' ಎಂದಿದ್ದರೆ ಅರ್ಜಿ ಹೋಗುವುದಿಲ್ಲ, ಅದು ಪೂರ್ತಿಯಾದ ಮೇಲೆ ಮತ್ತೆ ಪ್ರಯತ್ನಿಸಿ. ಅಷ್ಟರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಹೆಸರು ಒತ್ತಿ, ಸಬ್‌ಸ್ಕ್ರಿಪ್ಷನ್ಸ್ ಪಟ್ಟಿಯಲ್ಲಿ ಅದನ್ನು ರದ್ದು ಮಾಡಿಡಿ.

ಕಂಪನಿಯ ವೆಬ್‌ಸೈಟಿನಲ್ಲೇ ನೇರ ಕಟ್ಟಿದ್ದರೆ ಕಂಪನಿಗೊಂದು ನಿಯಮ. ಅಮೆಜಾನ್ ಪ್ರೈಮ್‌ನಲ್ಲಿ ಆ ಅವಧಿಯ ಸೌಲಭ್ಯ ಏನೂ ಬಳಸಿಲ್ಲದಿದ್ದರೆ ದುಡ್ಡು ವಾಪಸ್ ಕೊಡುವ ನಿಯಮ ಇದೆ. ಆದರೆ ರದ್ದು ಮಾಡುವಾಗ 'ಈಗಲೇ ಮುಗಿಸಿ' ಮತ್ತು 'ಇಂಥ ತಾರೀಖಿಗೆ ಮುಗಿಸಿ' ಎಂಬ ಎರಡು ಆಯ್ಕೆ ಬಂದರೆ ನಿಧಾನವಾಗಿ ಓದಿ ಒತ್ತಿ. ಎರಡನೆಯದು ಒತ್ತಿದರೆ ರೀಫಂಡ್ ಇಲ್ಲ. ನೆಟ್‌ಫ್ಲಿಕ್ಸ್ ಭಾಗಶಃ ತಿಂಗಳಿಗೆ ದುಡ್ಡು ಕೊಡುವುದಿಲ್ಲ. ರದ್ದು ಮಾಡಿ, ಉಳಿದ ದಿನ ನೋಡಿ, ಅವರ ಜೊತೆ ಗುದ್ದಾಡಿ ಸಮಯ ಕಳೆಯಬೇಡಿ. ಆ ಶಕ್ತಿಯನ್ನು ಸಾವಿರಗಟ್ಟಲೆ ನುಂಗಿದ ಕೋರ್ಸ್ ಆ್ಯಪ್, ಡೇಟಿಂಗ್ ಆ್ಯಪ್, ಜಿಮ್‌ಗಳಿಗೆ ಉಳಿಸಿಕೊಳ್ಳಿ.

ಮೊಬೈಲ್ ಬ್ಯಾಲೆನ್ಸಿನಿಂದಲೇ ಕಟ್ ಆಗುವ ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್‌ನಂಥ ಸೇವೆಗಳಿಗೆ 155223ಕ್ಕೆ ಉಚಿತ ಕರೆ ಮಾಡಿದರೆ ಅಥವಾ 'ಸ್ಟಾಪ್' ಎಂದು ಕಳಿಸಿದರೆ ಸಾಕು. ವಯಸ್ಸಾದವರ ಫೋನ್ ಒಮ್ಮೆ ನೋಡಿ.

ಏನು ಬರೆಯಬೇಕು

ಉದ್ದ ಬರೆದರೆ ಯಾರೂ ಓದುವುದಿಲ್ಲ. ಸಿಟ್ಟಿನ ಪತ್ರವೂ ಬೇಡ. ಇಂಗ್ಲಿಷಿನಲ್ಲಿ ಬರೆದರೆ ಉತ್ತರ ಬೇಗ ಬರುತ್ತದೆ. ಸಾರ ಇಷ್ಟಿದ್ದರೆ ಆಯಿತು:

"ನನ್ನ ನೋಂದಾಯಿತ ಇಮೇಲ್ ಇದು. ಈ ತಾರೀಖಿನಂದು ಈ ಆರ್ಡರ್ ನಂಬರಿನಡಿ ಜಿಎಸ್‌ಟಿ ಸೇರಿ ಇಷ್ಟು ರೂಪಾಯಿ ಕಡಿತವಾಗಿದೆ. ರಿನ್ಯೂ ಆದ ಮೇಲೆ ಸೇವೆಯನ್ನು ಒಮ್ಮೆಯೂ ಬಳಸಿಲ್ಲ, ನಿಮ್ಮ ದಾಖಲೆಯಲ್ಲಿ ಪರಿಶೀಲಿಸಬಹುದು. ಸಬ್‌ಸ್ಕ್ರಿಪ್ಷನ್ ಇಂದೇ ರದ್ದು ಮಾಡಿ, ಪೂರ್ತಿ ಮೊತ್ತವನ್ನು ಪಾವತಿಸಿದ ವಿಧಾನಕ್ಕೇ ಹಿಂತಿರುಗಿಸಿ. ದೂರಿನ ಸಂಖ್ಯೆ ಕಳಿಸಿ."

'ಮರೆತೆ' ಎಂದು ಹೇಳಲು ನಾಚಿಕೆಪಟ್ಟು 'ನಾನು ತೆಗೆದುಕೊಂಡೇ ಇಲ್ಲ' ಎಂದು ಬರೆಯಬೇಡಿ. ಒಟಿಪಿ ಹಾಕಿದ ದಾಖಲೆ ಅವರ ಬಳಿ ಇರುತ್ತದೆ, ಒಂದು ಸುಳ್ಳು ಸಿಕ್ಕಿತೆಂದರೆ ಉಳಿದದ್ದನ್ನೂ ನಂಬುವುದಿಲ್ಲ. ಹನ್ನೊಂದು ತಿಂಗಳು ಸುಮ್ಮನೆ ಕಟ್ ಆಗಿದ್ದರೆ ಹನ್ನೊಂದನ್ನೂ ಒಟ್ಟಿಗೆ ಕೇಳುವುದಕ್ಕಿಂತ ಕೊನೆಯ ಕಡಿತವನ್ನು ಮೊದಲು ಕೇಳಿ ಪಡೆಯಿರಿ. ಹಳೆಯ ತಿಂಗಳುಗಳದ್ದು ಸಿಗುವುದು ಅಪರೂಪ. ಕ್ರೆಡಿಟ್ ಪಾಯಿಂಟ್, ಕೂಪನ್ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಒಪ್ಪಿದರೆ ದೂರು ಮುಗಿಯಿತು ಎಂದು ಬರೆದುಕೊಳ್ಳುತ್ತಾರೆ.

ಮ್ಯಾಂಡೇಟ್ ಕಡಿಯುವುದು

ಕಂಪನಿಯಲ್ಲಿ ರದ್ದಾದರೂ ಬ್ಯಾಂಕ್ ಕಡೆಯ ಒಪ್ಪಿಗೆ, ಅಂದರೆ ಮ್ಯಾಂಡೇಟ್, ಜೀವಂತ ಇರಬಹುದು, ಎರಡೂ ಕಡೆ ಕಡಿಯಬೇಕು. ಯುಪಿಐ ಆದರೆ ಯಾವ ಆ್ಯಪ್‌ನಲ್ಲಿ ಪಿನ್ ಹಾಕಿದ್ದಿರೋ ಅದರ 'ಆಟೋಪೇ' ವಿಭಾಗದಲ್ಲಿ ಮೊದಲು ಹುಡುಕಿ. ಕಾರ್ಡ್ ಆದರೆ ನೆಟ್‌ಬ್ಯಾಂಕಿಂಗ್‌ನ ಇ-ಮ್ಯಾಂಡೇಟ್ ಪುಟ. ಹಲವು ಬ್ಯಾಂಕ್‌ಗಳು ಇದಕ್ಕೆ ಎಸ್‌ಐ ಹಬ್ ಎಂಬ ತಾಣ ಬಳಸುತ್ತವೆ. ಎನ್‌ಎಸಿಎಚ್ ಆನ್‌ಲೈನ್‌ನಲ್ಲಿ ಸಿಗದಿದ್ದರೆ ಶಾಖೆಗೇ ಹೋಗಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದ ಅರ್ಜಿ ಕೊಟ್ಟಿಲ್ಲದಂತೆಯೇ.

ಬ್ಯಾಂಕನ್ನು ಹಿಡಿಯಲು ನಿಮಗೆ ಎರಡು ಗಟ್ಟಿ ಕಾರಣ ಇರಬಹುದು. ಮೊದಲನೆಯದು, ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡ್, ಯುಪಿಐ ಆಟೋಪೇ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಕಂಪನಿಯ ಹೆಸರು, ಮೊತ್ತ, ದಿನಾಂಕದ ಜೊತೆ ಸೂಚನೆ ಬರಬೇಕು, ಬೇಡವೆನ್ನಲು ಅವಕಾಶವೂ ಇರಬೇಕು. 15,000 ರೂಪಾಯಿ ದಾಟಿದ ಸಬ್‌ಸ್ಕ್ರಿಪ್ಷನ್ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕು. ಸರಿಯಾದ ನಂಬರ್ ಕೊಟ್ಟಿದ್ದೂ ಸೂಚನೆ ಬಂದಿಲ್ಲವಾದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಬಳಿ ಆನ್‌ಲೈನ್ ದೂರು ಹಾಕಬಹುದು, ಮಾಹಿತಿಗೆ 14448. (ಎಕ್ಸ್‌ಪ್ರೆಸ್‌ವೇ ಓಡಾಟದವರು ಗಮನಿಸಿ: ಫಾಸ್ಟ್‌ಟ್ಯಾಗ್ ಮತ್ತು ಮೆಟ್ರೋದ ಎನ್‌ಸಿಎಂಸಿ ಕಾರ್ಡ್‌ಗೆ ತಾನಾಗಿ ತುಂಬುವ ದುಡ್ಡಿಗೆ ಈ 24 ಗಂಟೆಯ ನಿಯಮ ಇಲ್ಲ.) ಎರಡನೆಯದು, ನೀವು ರದ್ದು ಮಾಡಿದ ಮೇಲೂ ಕಡಿತವಾಗಿದ್ದರೆ ಅದು ಚಾರ್ಜ್‌ಬ್ಯಾಕ್ ಕೇಸು, ಅಂದರೆ ಕಾರ್ಡ್‌ನಿಂದ ಹೋದ ದುಡ್ಡನ್ನು ಬ್ಯಾಂಕ್ ಮೂಲಕವೇ ವಾಪಸ್ ತರಿಸುವುದು. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನ್ಯವಾಗಿ 120 ದಿನ ಅವಕಾಶ. ಗೆಲ್ಲಿಸುವುದು ರದ್ದಾದ ದಿನದ ಇಮೇಲ್ ಮತ್ತು ಸ್ಕ್ರೀನ್‌ಶಾಟ್. ಬರಿ ಮರೆತ ಕೇಸನ್ನು 'ಫ್ರಾಡ್' ಎಂದು ಹೇಳಿದರೆ ಕಾರ್ಡ್ ಬ್ಲಾಕ್ ಆಗುತ್ತದೆ, ತನಿಖೆಯ ಕೊನೆಗೆ ದೂರು ವಜಾ ಆಗುತ್ತದೆ.

ಕಂಪನಿ ಒಪ್ಪದಿದ್ದರೆ

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತನಾಡಬಹುದು, ಇಲ್ಲಿ ಮರಾಠಿ ಬರಲೇಬೇಕೆಂದಿಲ್ಲ. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುವವರು. ಆದರೂ ಕಸ್ಟಮರ್ ಕೇರ್‌ನಲ್ಲಿ ವಾರಗಟ್ಟಲೆ ಸುತ್ತಿಸಿದ ಕಂಪನಿಗಳು ಇಲ್ಲಿಂದ ಪತ್ರ ಹೋದ ಮೇಲೆ ಮೆತ್ತಗಾಗುವುದುಂಟು. ರದ್ದು ಮಾಡುವ ಗುಂಡಿಯನ್ನೇ ಬಚ್ಚಿಟ್ಟಿದ್ದರೆ, ಫೋನ್ ಮಾಡಿದರಷ್ಟೇ ರದ್ದು ಎಂದಿದ್ದರೆ, ದೂರಿನಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಎಂಬ ಪದ ಬಳಸಿ. 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಮೋಸದ ವಿನ್ಯಾಸಗಳಲ್ಲಿ ಅದೂ ಒಂದು. ಎಲ್ಲೆಲ್ಲಿ ಕ್ಲಿಕ್ ಮಾಡಿದಿರಿ ಎಂಬುದನ್ನು ಫೋನಿನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಗುರುಗ್ರಾಮದ್ದಾದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ತಾಣದಲ್ಲಿ ಆನ್‌ಲೈನ್ ಸಲ್ಲಿಸಬಹುದು. 299 ರೂಪಾಯಿಗೆ ಇಷ್ಟು ಓಡಾಟ ದಂಡ, ಜಿಮ್‌ನ ವಾರ್ಷಿಕ ಫೀಗೆ ದಂಡವಲ್ಲ.

ಡೊಂಬಿವಲಿಯಲ್ಲೋ ಘಾಟ್‌ಕೋಪರ್‌ನಲ್ಲೋ ಹೋಟೆಲ್ ನಡೆಸುವವರು ಬಿಲ್ಲಿಂಗ್ ಸಾಫ್ಟ್‌ವೇರ್, ಆನ್‌ಲೈನ್ ಮೆನು ಸೇವೆಗಳಿಗೆ ಕಟ್ಟಿದ ದುಡ್ಡಿಗೆ ಇದೇ ದಾರಿ ನೇರವಾಗಿ ನಡೆಯುವುದಿಲ್ಲ. ವ್ಯಾಪಾರಕ್ಕೆ ಕೊಂಡದ್ದಕ್ಕೆ 'ಗ್ರಾಹಕ' ಎಂಬ ಪಟ್ಟ ಸಿಗುವುದಿಲ್ಲ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಆದರೆ ಮಾತ್ರ ಸಿಗುತ್ತದೆ. ಅಂಗಡಿ ಬಿಟ್ಟುಹೋದ ಮ್ಯಾನೇಜರ್‌ನ ಇಮೇಲ್‌ನಲ್ಲಿ ಅಕೌಂಟ್ ಇರುವುದು ಇಲ್ಲಿಯ ಮಾಮೂಲಿ ತಲೆನೋವು. ಮೊದಲು ಇನ್‌ವಾಯ್ಸ್‌ನಲ್ಲಿರುವ ಜಿಎಸ್‌ಟಿ ನಂಬರ್ ತೋರಿಸಿ ಅಕೌಂಟನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ರೀಫಂಡ್ ಬಂದರೆ ಕ್ರೆಡಿಟ್ ನೋಟ್ ಕೇಳಿ ನಿಮ್ಮ ಲೆಕ್ಕದವರಿಗೆ ಕೊಡಿ.

ಒಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಕಂಪನಿಯ ಅಕೌಂಟ್ ಪುಟದಿಂದಲೋ ರಸೀದಿಯಿಂದಲೋ ತೆಗೆದುಕೊಳ್ಳಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಹಾಕಿ, ಸ್ಕ್ರೀನ್ ಶೇರ್ ಮಾಡಿ ಎಂದವರು ಕಳ್ಳರು. ಕೈತಪ್ಪಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930.

'ರೀಫಂಡ್ ಮಾಡಿದ್ದೇವೆ' ಎಂಬ ಇಮೇಲ್ ಬಂದು ಹತ್ತು ದಿನವಾದರೂ ದುಡ್ಡು ಕಾಣದಿದ್ದರೆ ಕಂಪನಿಯಿಂದ ಕಾರ್ಡ್‌ಗಾದರೆ 23 ಅಂಕಿಯ ಎಆರ್‌ಎನ್, ಯುಪಿಐಗಾದರೆ 12 ಅಂಕಿಯ ಆರ್‌ಆರ್‌ಎನ್ (ದುಡ್ಡು ಎಲ್ಲಿದೆ ಎಂದು ಬ್ಯಾಂಕ್ ಪತ್ತೆಹಚ್ಚುವ ಸಂಖ್ಯೆಗಳಿವು) ಕೇಳಿ ಬ್ಯಾಂಕಿಗೆ ಕೊಡಿ. ಕ್ರೆಡಿಟ್ ಕಾರ್ಡ್‌ನವರು ಮುಂದಿನ ಬಿಲ್ ಅನ್ನು ಕೂಡ ನೋಡಿ, ರೀಫಂಡ್ ಅಲ್ಲಿ ಜಮೆಯಾಗಿ ಕೂತಿರುತ್ತದೆ.