ಹಿಟ್ಟಿನ ಗಿಡವೋ, ಗುಂಡಿ ಗಿಡವೋ? ಮರುಭೂಮಿಯ ಅಕ್ಕ-ತಂಗಿಯರನ್ನು ಗುರುತಿಸುವುದು ಹೇಗೆ

ಮಾರ್ಚ್ ತಿಂಗಳಲ್ಲಿ ಅಮೆರಿಕದ ಅರಿಝೋನಾ ಕಡೆ ಕಾರಿನಲ್ಲಿ ಹೊರಟರೆ ರಸ್ತೆಬದಿಯ ಗುಡ್ಡಗಳೆಲ್ಲ ಹಳದಿ. ಮಗನನ್ನೋ ಮಗಳನ್ನೋ ನೋಡಲು ಫೀನಿಕ್ಸ್‌ಗೆ ಹೋದ ನಮ್ಮೂರಿನವರಿಗೆ ಥಟ್ಟನೆ ಹುಚ್ಚೆಳ್ಳಿನ ಹೊಲ ನೆನಪಾದರೆ ತಪ್ಪೇನಿಲ್ಲ. ಹುಚ್ಚೆಳ್ಳು, ಸೂರ್ಯಕಾಂತಿ, ಸೇವಂತಿಗೆ, ಅಷ್ಟೇ ಯಾಕೆ, ನಾವು ಬೈಯುವ ಕಾಂಗ್ರೆಸ್ ಗಿಡವೂ ಇದೇ ಕುಟುಂಬದ್ದು.

ಈ ಹಳದಿಯಲ್ಲಿ ಜಾಸ್ತಿ ಪಾಲು ಬ್ರಿಟಲ್‌ಬುಷ್ ಎಂಬ ಪೊದೆಯದು. ಸಸ್ಯಶಾಸ್ತ್ರದ ಹೆಸರು ಎನ್ಸೆಲಿಯಾ ಫ್ಯಾರಿನೋಸಾ. ಅದೇ ಮರುಭೂಮಿಯಲ್ಲಿ ಇದರ ತಂಗಿಯೊಂದಿದೆ, ಎನ್ಸೆಲಿಯಾ ಫ್ರುಟೆಸೆನ್ಸ್. ಇಂಗ್ಲಿಷಿನವರು ಬಟನ್ ಬ್ರಿಟಲ್‌ಬುಷ್ ಅಂತಾರೆ. ಫ್ಯಾರಿನೋಸಾ ಎಂದರೆ ಹಿಟ್ಟು ಮೆತ್ತಿದಂಥದ್ದು. ಹಾಗಾಗಿ ಈ ಲೇಖನದ ಮಟ್ಟಿಗೆ ಅಕ್ಕನನ್ನು ಹಿಟ್ಟಿನ ಗಿಡ, ತಂಗಿಯನ್ನು ಗುಂಡಿ ಗಿಡ ಎಂದು ಕರೆಯೋಣ. ಇವೆರಡನ್ನು ಬೇರೆ ಮಾಡಿ ನೋಡಲು ಒಂದು ಭೂತಗನ್ನಡಿ ಇದ್ದರೆ ಸಾಕು. ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಗಿಡಕ್ಕಿಂತ ಮೊದಲು ನೆಲ ನೋಡಿ

ಎಲ್ಲರೂ ಸೀದಾ ಹೂವಿಗೆ ಕೈ ಹಾಕುತ್ತಾರೆ. ಬೇಡ. ಗಿಡ ಎಲ್ಲಿ ನಿಂತಿದೆ ನೋಡಿ. ಕಲ್ಲುಗುಡ್ಡದ ಇಳಿಜಾರು, ಜಲ್ಲಿ ನೆಲ, ನೀರು ನಿಲ್ಲದ ಜಾಗ ಹಿಟ್ಟಿನ ಗಿಡದ ಮನೆ. ಗುಂಡಿ ಗಿಡಕ್ಕೆ ಒಣ ಹಳ್ಳ ಇಷ್ಟ. ಮಳೆ ಬಂದಾಗ ಮಾತ್ರ ಹರಿದು, ಉಳಿದ ದಿನ ಬರೀ ಮರಳಾಗಿರುವ ಹಳ್ಳಗಳಿರುತ್ತವಲ್ಲ, ಅವುಗಳ ಪಾತ್ರ ಮತ್ತು ಅಂಚು. ಮೇಲೆ ಒಣಗಿದ್ದರೂ ಅಲ್ಲಿ ಒಳಗೆ ಒಂದಿಷ್ಟು ತೇವ ಉಳಿದಿರುತ್ತದೆ. ಜಾಗ ನೋಡಿಯೇ ತೀರ್ಪು ಕೊಡಬೇಡಿ, ಹಿಟ್ಟಿನ ಗಿಡವೂ ಹಳ್ಳಕ್ಕೆ ಇಳಿಯುವುದುಂಟು. ಸದ್ಯಕ್ಕೆ ಇದು ಅನುಮಾನ ಮಾತ್ರ.

ಹಂತ 2: ಎಲೆ ಮುಟ್ಟಿ

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹಿಟ್ಟಿನ ಗಿಡದ ಎಲೆ ವಿಭೂತಿ ಬಳಿದಂತೆ ಬೆಳ್ಳಗೆ ಇರುತ್ತದೆ. ಎಕ್ಕದ ಎಲೆ ನೆನಪಾಗಬಹುದು. ಉದ್ದ ಸುಮಾರು 3ರಿಂದ 8 ಸೆಂ.ಮೀ. ಮುಟ್ಟಿದರೆ ಕರುವಿನ ಕಿವಿಯಷ್ಟು ಮೆತ್ತಗೆ. ಗುಂಡಿ ಗಿಡದ ಎಲೆ ಹಸಿರು, ಚಿಕ್ಕದು, ಹೆಚ್ಚೆಂದರೆ ಎರಡೂವರೆ ಸೆಂ.ಮೀ. ಅದರ ಮೇಲೆ ಬಿರುಸಾದ ರೋಮ. ಪಾರಿಜಾತದ ಎಲೆ ಉಜ್ಜಿದ್ದೀರಲ್ವಾ? ಅದೇ ಥರ ಉಪ್ಪುಕಾಗದದ ಅನುಭವ.

ಇಷ್ಟು ಹತ್ತಿರದ ಸಂಬಂಧಿಗಳಿಗೆ ಯಾಕೆ ಇಷ್ಟು ಬೇರೆ ಎಲೆ? ಬಿಸಿಲನ್ನು ತಡೆದುಕೊಳ್ಳುವ ರೀತಿಯೇ ಬೇರೆ. ಜೇಮ್ಸ್ ಎಲೆರಿಂಗರ್ ಎಂಬ ವಿಜ್ಞಾನಿ ಈ ಜೋಡಿಯನ್ನೇ ಹಿಡಿದು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ್ದರು. ಹಿಟ್ಟಿನ ಗಿಡ ಬಿಳಿ ರೋಮದ ಹೊದಿಕೆಯಿಂದ ಬಿಸಿಲನ್ನು ವಾಪಸ್ ಕಳಿಸುತ್ತದೆ. ಬಿಳಿ ಪಂಚೆ ಹೊದ್ದು ಹೊಲಕ್ಕೆ ಹೋಗುವ ರೈತನ ಹಾಗೆ. ಗುಂಡಿ ಗಿಡ ಹಾಗಲ್ಲ, ಬೆವರುತ್ತದೆ. ಹಳ್ಳದ ತೇವವನ್ನು ಹೀರಿ ಎಲೆಯಿಂದ ಆವಿಯಾಗಿ ಬಿಟ್ಟು ತಂಪಾಗುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆ. ಗುಡ್ಡದ ಮೇಲೆ ಅಷ್ಟು ನೀರು ಎಲ್ಲಿಂದ ಬರಬೇಕು? ಅದಕ್ಕೇ ಅದು ಹಳ್ಳ ಬಿಟ್ಟು ಹತ್ತುವುದು ಕಮ್ಮಿ. ಮೊದಲ ಹಂತದಲ್ಲಿ ನೆಲ ನೋಡಿ ಎಂದಿದ್ದು ಇದಕ್ಕೇ.

ಒಂದು ಎಚ್ಚರಿಕೆ. ಒಳ್ಳೆಯ ಮಳೆಯಾದ ಮೇಲೆ ಹಿಟ್ಟಿನ ಗಿಡದ ಹೊಸ ಎಲೆಗಳಲ್ಲಿ ರೋಮ ಕಮ್ಮಿ, ಹಸಿರು ಜಾಸ್ತಿ. ಬರ ಬಿಗಿಯಾದಂತೆ ಮೂಡುವ ಎಲೆಗಳು ಬೆಳ್ಳಗಾಗುತ್ತಾ ಹೋಗುತ್ತವೆ. ಇತ್ತ ಧೂಳು ಕೂತ ಗುಂಡಿ ಗಿಡವೂ ದೂರದಿಂದ ಬೂದಿ ಬಣ್ಣವೇ. ಬಣ್ಣ ಸುಳ್ಳು ಹೇಳಬಹುದು, ಬೆರಳಿಗೆ ಮೋಸ ಆಗುವುದು ಕಡಿಮೆ.

ಹಂತ 3: ಈಗ ಹೂವು

ಹಿಟ್ಟಿನ ಗಿಡದ ಹೂವಿನಲ್ಲಿ ಸುತ್ತ ಹಳದಿ ಎಸಳು, ನಡುವೆ ಗುಂಡನೆಯ ತಟ್ಟೆ. ಗುಂಡಿ ಗಿಡಕ್ಕೆ ಎಸಳೇ ಇಲ್ಲ. ಅಂಗಿಗೆ ಹೊಲಿದ ಹಳದಿ ಗುಂಡಿಯ ಹಾಗೆ ಬರೀ ತಟ್ಟೆ.

ಹಾಗಾದರೆ ಇಷ್ಟೇ ಸಾಕಿತ್ತಲ್ಲ ಅಂತೀರಾ? ಸಾಲದು. ಹಿಟ್ಟಿನ ಗಿಡದ ಹಳೆಯ ಹೂವುಗಳ ಎಸಳು ಬಾಡಿ ಉದುರುತ್ತವೆ. ಆಗ ಅದೂ ಗುಂಡಿಯೇ! ಅದಕ್ಕೆ ತೊಟ್ಟು ನೋಡಿ. ಹಿಟ್ಟಿನ ಗಿಡದಲ್ಲಿ ಎಲೆಗಳಿಂದ ಸಾಕಷ್ಟು ಮೇಲೆದ್ದ ನುಣುಪಾದ ಕಡ್ಡಿ ಕವಲೊಡೆದು, ಒಂದೊಂದು ಕವಲಿಗೂ ಒಂದೊಂದು ಹೂವು ಇರುತ್ತದೆ. ಗುಂಡಿ ಗಿಡದಲ್ಲಿ ಕವಲಿಲ್ಲ. ಒಂದು ತೊಟ್ಟಿಗೆ ಒಂದೇ ಹೂವು.

ಹಂತ 4: ಹೂವೂ ಇಲ್ಲ, ಎಲೆಯೂ ಇಲ್ಲದಿದ್ದರೆ

ಬರ ಜೋರಾದರೆ ಎರಡೂ ಎಲೆ ಉದುರಿಸಿ ಬೋಳಾಗುತ್ತವೆ. ಆಗ ಗಿಡದ ಆಕಾರವೇ ಗತಿ. ಬುಟ್ಟಿ ಬೋರಲು ಹಾಕಿದಂತೆ ದುಂಡಗಿದ್ದು, ಮೇಲೆ ಕವಲೊಡೆದ ಒಣ ಹೂಕಡ್ಡಿಗಳು ಉಳಿದಿದ್ದರೆ ಹಿಟ್ಟಿನ ಗಿಡ. ಸಣ್ಣ ಸಣ್ಣ ಕೊಂಬೆಗಳು ಕೆದರಿಕೊಂಡಿದ್ದರೆ ಗುಂಡಿ ಗಿಡ.

ಕೊಂಬೆ ಮುರಿದು ನೋಡುವ ಆಸೆ ಬೇಡ. ಸಗ್ವಾರೋ, ಜೋಶುವಾ ಟ್ರೀ, ಡೆತ್ ವ್ಯಾಲಿಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಎಲೆ ಕೀಳುವುದೂ ಕಾನೂನು ಪ್ರಕಾರ ತಪ್ಪು. ಎಲೆ, ತೊಟ್ಟು, ಇಡೀ ಗಿಡ, ಅದು ನಿಂತ ಜಾಗ ಹೀಗೆ ನಾಲ್ಕು ಫೋಟೊ ತೆಗೆದುಕೊಂಡರೆ ಮನೆಗೆ ಬಂದು ಆರಾಮಾಗಿ ನೋಡಬಹುದು. ಹಿಟ್ಟಿನ ಗಿಡದ ಕಾಂಡದಲ್ಲಿ ಎಲ್ಲಾದರೂ ಅಂಟು ಒಸರಿದ್ದರೆ ಮೂಗು ಹತ್ತಿರ ಒಯ್ಯಿರಿ. ಸ್ಪ್ಯಾನಿಷ್ ಪಾದ್ರಿಗಳು ಇದನ್ನು ಚರ್ಚುಗಳಲ್ಲಿ ಧೂಪ ಹಾಕುತ್ತಿದ್ದರು. ಅದಕ್ಕೇ ಆ ಭಾಷೆಯಲ್ಲಿ ಈ ಗಿಡಕ್ಕೆ ಇನ್ಸಿಯೆನ್ಸೊ, ಅಂದರೆ ಧೂಪ, ಎಂದೇ ಹೆಸರು.

ಹಂತ 5: ಯಾವುದಕ್ಕೂ ಕೂಡಿಬರದಿದ್ದರೆ

ಎಲೆ ಬೂದಿ, ಎಸಳೂ ಇದೆ, ಆದರೆ ತೊಟ್ಟಿಗೆ ಒಂದೇ ಹೂವು. ಮೊಹಾವಿ ಮರುಭೂಮಿಯಲ್ಲಿ ಇಂಥದ್ದು ಸಿಕ್ಕರೆ ಅದು ಮೂರನೆಯವಳು, ಎನ್ಸೆಲಿಯಾ ಆಕ್ಟೋನಿ ಇರಬಹುದು. ಇನ್ನೊಂದು ಸಾಧ್ಯತೆಯೂ ಇದೆ. ಗುಡ್ಡ ಮುಗಿದು ಹಳ್ಳ ಶುರುವಾಗುವಲ್ಲಿ ಅಕ್ಕ-ತಂಗಿ ಅಕ್ಕಪಕ್ಕ ಬೆಳೆಯುತ್ತವೆ, ಬೆರಕೆಯೂ ಆಗುತ್ತವೆ. ಅರೆಬರೆ ಬಿಳಿ ಎಲೆ, ಮೋಟು ಎಸಳಿನ ಗಿಡ ಸಿಕ್ಕರೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ. ಪುಸ್ತಕದಲ್ಲಿ ‘ಬೆರಕೆ ಇರಬಹುದು’ ಎಂದು ಬರೆದುಕೊಂಡು ಮುಂದಿನ ಗಿಡಕ್ಕೆ ಹೋಗಿ.