ಹಂಟಿಂಗ್ಡನ್‌ಶೈರ್‌ಗೆ ಬಂದ ಕನ್ನಡಿಗರಿಗೆ: ಮಗಳನ್ನು ಚೆಸ್ ತಂಡಕ್ಕೆ ಸೇರಿಸಿ, ತಂಡ ಇಲ್ಲದಿದ್ದರೆ ಕಟ್ಟಿ

ಇಂಗ್ಲೆಂಡಿನ ಸೇಂಟ್ ನಿಯೋಟ್ಸ್, ಹಂಟಿಂಗ್ಡನ್ ಕಡೆ ಮನೆ ಮಾಡುವ ನಮ್ಮವರು ಮೊದಲು ವಿಚಾರಿಸುವುದು ಲಂಡನ್ ರೈಲು, ಮಕ್ಕಳ ಶಾಲೆ, ಕರಿಬೇವು ಸಿಗುವ ಅಂಗಡಿ. ಮಗಳಿಗೆ ಚೆಸ್ ಬರುತ್ತಿದ್ದರೆ ಕೌಂಟಿಯ, ಅಂದರೆ ಇಲ್ಲಿನ ಪ್ರಾಂತ್ಯದ, ಹುಡುಗಿಯರ ತಂಡವನ್ನೂ ವಿಚಾರಿಸಿ.

ಆಡಳಿತದ ಲೆಕ್ಕದಲ್ಲಿ ಹಂಟಿಂಗ್ಡನ್‌ಶೈರ್ 1974ರಿಂದ ಕೇಂಬ್ರಿಜ್‌ಶೈರ್‌ನ ಒಂದು ಜಿಲ್ಲೆ. ಆದರೆ ಇಂಗ್ಲೆಂಡಿನ ಚೆಸ್ ಹಳೆಯ ಕೌಂಟಿಗಳನ್ನು ಕೈಬಿಟ್ಟಿಲ್ಲ. 1965ರಲ್ಲೇ ಆಡಳಿತದಿಂದ ಮರೆಯಾದ, ಲಂಡನ್ ಕಡೆಯ ಹಳೆಯ ಕೌಂಟಿ ಮಿಡ್ಲ್‌ಸೆಕ್ಸ್‌ಗೂ ಇಂದಿಗೂ ತಂಡವಿದೆ. ಆದರೆ ಲಂಡನ್ ಸುತ್ತ ಆಟಗಾರ್ತಿಯರು ಸಿಗುವಷ್ಟು ಸುಲಭವಾಗಿ ಹೊಲ, ಹಳ್ಳಿ, ಸಣ್ಣ ಪೇಟೆಗಳ ನಮ್ಮ ಕಡೆ ಸಿಗುವುದಿಲ್ಲ. ಊರೂರು ಹುಡುಕಬೇಕು.

ಹುಡುಕುವಾಗ ವಾಟ್ಸ್ಆ್ಯಪ್‌ನ ನಮ್ಮವರ ಗುಂಪಿಗೇ ನಿಲ್ಲಬೇಡಿ. ಹಳ್ಳಿ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕಾಣಿ, ಗ್ರಂಥಾಲಯದಲ್ಲಿ ಚೀಟಿ ಅಂಟಿಸಿ. ಒಬ್ಬಳನ್ನೇ ಕರೆಯದೆ ಗೆಳತಿಯೊಂದಿಗೆ ಕರೆಯಿರಿ. ಕೋಣೆ ತುಂಬ ಹುಡುಗರಿದ್ದು ತಾನೊಬ್ಬಳೇ ಹುಡುಗಿಯಾದರೆ, ಎಷ್ಟು ಚೆನ್ನಾಗಿ ಆಡುವವಳೂ ದೊಡ್ಡ ಶಾಲೆಗೆ ಹೋಗುವ ಹೊತ್ತಿಗೆ ಬಿಟ್ಟುಬಿಡುತ್ತಾಳೆ. ಹೆಣ್ಣುಮಕ್ಕಳದೇ ತಂಡ ಬೇಕೆನ್ನುವುದು ಇದಕ್ಕೇ. ಸಂಜೆ ಬಸ್ಸು ನೆಚ್ಚುವಂತಿಲ್ಲ. ಯಾರ ಕಾರಿನಲ್ಲಿ ಯಾರು ಬರುತ್ತಾರೆ ಎಂಬುದನ್ನು ಹಿಂದಿನ ದಿನವೇ ಗೊತ್ತುಮಾಡಿ.

ಇಂಗ್ಲಿಷ್ ಚೆಸ್ ಫೆಡರೇಶನ್ ಸದಸ್ಯತ್ವ, ಪೋಷಕರ ಒಪ್ಪಿಗೆ, ಜೊತೆಗಿರುವ ದೊಡ್ಡವರ ಡಿಬಿಎಸ್ (ಅಪರಾಧ ಹಿನ್ನೆಲೆಯ) ತಪಾಸಣೆ: ಕೌಂಟಿ ಚೆಸ್ ಸಂಘದ ಕಾರ್ಯದರ್ಶಿಯನ್ನು ಕೇಳಿ ಮುಗಿಸಿ.

ಇನ್ನು ನಮ್ಮ ಮನೆಗಳ ವಿಷಯ. "ನಮ್ಮ ಹುಡುಗಿ ಒಂದನೇ ಬೋರ್ಡಿಗೇ ಕೂರಲಿ" ಎಂದು ಹಟ ಹಿಡಿಯಬೇಡಿ. ಯಾರಿಗೆ ಯಾವ ಬೋರ್ಡು ಎಂಬುದು ರೇಟಿಂಗ್ (ಆಟದ ಬಲದ ಅಂಕಿ) ನೋಡಿ ನಿಲ್ಲುತ್ತದೆ, ಕೊನೆಯ ಬೋರ್ಡಿನ ಗೆಲುವಿಗೂ ಅಷ್ಟೇ ಅಂಕ. ಬೆನ್ನ ಹಿಂದೆ ನಿಂತು ಕಣ್ಸನ್ನೆ ಮಾಡುವುದು ಖಂಡಿತ ಬೇಡ. ಡಬ್ಬಿಗೆ ಚಿತ್ರಾನ್ನ ಹಾಕಿ, ಕಡಲೆಬೀಜ ಬಿಡಿ. ಪಕ್ಕದ ಮಗುವಿಗೆ ಅಲರ್ಜಿ ಇದ್ದರೆ ಪ್ರಾಣಕ್ಕೇ ಕುತ್ತು. ಹೊರಗೆ ಬಂದವಳನ್ನು "ಗೆದ್ಯಾ?" ಎನ್ನುವ ಮೊದಲು "ಹಸಿವಾಯ್ತಾ ಪುಟ್ಟಿ?" ಎನ್ನಿ. 2024ರ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತದ ಮಹಿಳೆಯರು ಚಿನ್ನ ಗೆದ್ದರು. ಲಂಡನ್ನಿನ ಹ್ಯಾರೋದ ಬೋಧನಾ ಶಿವಾನಂದನ್ ಒಂಬತ್ತನೇ ವಯಸ್ಸಿಗೇ ಇಂಗ್ಲೆಂಡ್ ಪರ ಆಡಿದಳು. ಆ ಆಟಗಳನ್ನು ಮಗಳ ಜೊತೆ ಕೂತು ನೋಡಿ, ಆದರೆ ಅವಳನ್ನು ಯಾರಿಗೂ ಹೋಲಿಸಬೇಡಿ.

ಜಗಲಿಯಲ್ಲಿ ಅಜ್ಜನ ಎದುರು ಕೂತು ನಾವು ಕಲಿತ ಆಟವನ್ನು ನಮ್ಮ ಮಕ್ಕಳು ಇಲ್ಲಿ ಹಳ್ಳಿಯ ಸಭಾಂಗಣದಲ್ಲಿ, ಗಡಿಯಾರದ ಎದುರು ಕಲಿಯುತ್ತಾರೆ. ಅಜ್ಜ ಕೈ ಹಿಡಿದು ಕುದುರೆ ನಡೆಸಿದ ಆ ಮಧ್ಯಾಹ್ನಗಳನ್ನು ಅವರಿಗೆ ಕೊಡಲಾಗಲಿಲ್ಲವಲ್ಲ ಎಂಬ ನೋವು ನನಗಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಸುತ್ತಿಸುವ ಬಂಧಗಳನ್ನು ರಚಿಸಿದ್ದನ್ನು ಕಾರಿನಲ್ಲಿ ಹೋಗುವಾಗ ಹೇಳುತ್ತೇನೆ. ಹಿಂದಿನ ಸೀಟಿನ ಇಂಗ್ಲಿಷ್ ಹುಡುಗಿಯರೂ ಕೇಳುತ್ತಾರೆ. ಪಂದ್ಯ ಮುಗಿಸಿ ಬರುವಾಗ ಮಗಳು "ನಾವು ಹಂಟ್ಸ್‌ನವರು" (ಹಂಟ್ಸ್ ಎಂದರೆ ಹಂಟಿಂಗ್ಡನ್‌ಶೈರ್) ಎನ್ನುತ್ತಾಳೆ. ನಾನಿನ್ನೂ ಹಾಗೆ ಹೇಳಲಾರೆ. ಅವಳು ಹೇಳಲಿ, ಅದು ಅವಳ ಹಕ್ಕು.

ತಂಡಕ್ಕೆ ಬೇಕಾದದ್ದಕ್ಕಿಂತ ಇಬ್ಬರು ಹೆಚ್ಚೇ ಇರಲಿ. ಚಳಿಗಾಲದ ಶನಿವಾರ ಯಾರಿಗಾದರೂ ಜ್ವರ ಬಂದೇ ಬರುತ್ತದೆ, ಖಾಲಿ ಬೋರ್ಡಿನ ಅಂಕ ಎದುರಾಳಿಗೆ ಹೋಗುತ್ತದೆ.